ಅತ್ತೆ ತರುವ ಹಂದಿತೊಡೆ

ಗುರುವಾರ ರಾತ್ರಿ, ಉವೆಲ್ವಾ ಬಂದರು

ನಾನು ತಾಯಿಯಾಗುತ್ತಿದ್ದೇನೆ, ತಾಯಿಯಾಗುತ್ತಿದ್ದೇನೆ! ಆದರೆ ಅಪ್ಪನಾಗುವ ನನ್ನ ಫೆರ್ಮಿನ್ ಮೀನುದೋಣಿಯಲ್ಲಿ, ನಡುಸಮುದ್ರದಲ್ಲಿ. ಸೋಮವಾರದ ತನಕ ಫೋನಿಗೂ ಸಿಗುವುದಿಲ್ಲ. ಮೊದಲು ಅವನಿಗೇ ಹೇಳಬೇಕೆಂದು ಬಾಯಿ ಬಿಗಿಹಿಡಿದು ಕೂತಿದ್ದರೆ, ಬೆಟ್ಟದೂರಿನಿಂದ ಅತ್ತೆ ಹಸಿಂತಾರ ಫೋನು.

"ಉಪ್ಪಲ್ಲಿಟ್ಟು ಒಣಗಿಸಿದ ಹಂದಿತೊಡೆ ತರ್ತಿದೀನಿ ಕಣೇ. ಮದುವೇಲಿ ಒಬ್ಳೇ ತಟ್ಟೆ ಖಾಲಿ ಮಾಡಿದ್ದೆ, ಕಳ್ಳಿ!"

ಬೇಯಿಸದ ಆ ಮಾಂಸವನ್ನು ಮುಟ್ಟಲೇಬೇಡಿ ಎಂದಿದ್ದಾರೆ ಡಾಕ್ಟರು. ಹೊಟ್ಟೆ ಸರಿಯಿಲ್ಲ ಅತ್ತೆ, ಅಂದೆ.

"ನಮ್ಮೂರಲ್ಲಿ ಇದನ್ನ ಬೇಡ ಅನ್ನೋರು ಬಸುರೀರು ಮಾತ್ರ!" ಎಂದು ನಕ್ಕರು.

ಅವರಿಗೆ ಗೊತ್ತಾದರೆ ಬಂದರಿಗೆಲ್ಲ ಗೊತ್ತು. ದೋಣಿಯಿಂದಿಳಿಯುವ ಫೆರ್ಮಿನ್‌ಗೆ ಯಾರೋ ಬೆನ್ನು ತಟ್ಟಿ ಹೇಳಿಬಿಡುತ್ತಾರೆ. ತಿಂದರೆ ಮಗುವಿಗೆ ಅಪಾಯ, ಬಿಟ್ಟರೆ ಗುಟ್ಟು ರಟ್ಟು. ದೇವರೇ, ಏನು ಮಾಡಲಿ? ಕೊಯ್ಯುವ ಚಾಕುವನ್ನೂ ತಾವೇ ತರುತ್ತಾರಂತೆ. ಶನಿವಾರ, ಸಾಫ್ರಾದಿಂದ ಅವರೂರಿನ ಮೂಲಕ ಬರುವ ಮಧ್ಯಾಹ್ನದ ರೈಲಿಗೆ.