ಮೇಲಿನ ಮೆಟ್ಟಿಲಿನ ಇಬ್ಬರು ರಾಣಿಯರು

ಬಸವನಗುಡಿ, ಬೆಂಗಳೂರು
೨೦ ಅಕ್ಟೋಬರ್ ೨೦೨೩, ಶುಕ್ರವಾರ

ಚಿ॥ ಸೌ॥ ಪ್ರಿಯಂವದಾಳಿಗೆ ಮನಸಾರೆ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಂಡಿನೋವು ಬಿಟ್ಟರೆ ನನಗೇನೂ ತೊಂದರೆಯಿಲ್ಲ, ನನ್ನನ್ನು ಬಿಟ್ಟರೆ ನಮ್ಮನೆಯವರಿಗೇನೂ ತೊಂದರೆಯಿಲ್ಲ. ‘ಸೌ॥’ ಅಂತ ಬರೆದಿದ್ದು ಕೈತಪ್ಪಿ ಅಲ್ಲ. ಮದುವೆಯಾದವರಿಗೆ ಮಾತ್ರ ಹಾಗೆ ಬರೆಯಬೇಕು ಅಂತ ನನಗೂ ಗೊತ್ತು. ಕೋರ್ಟಿನವರಿಗೆ ಆಕ್ಷೇಪಣೆ ಇದ್ದರೆ ನನ್ನನ್ನು ಕರೆಸಲಿ, ಬಂದು ಹೇಳುತ್ತೇನೆ.

ಮಂಗಳವಾರ ಸಂಜೆ ನೀನು ಕಳಿಸಿದ ಮೆಸೇಜ್ ನೋಡಿಯೂ ಉತ್ತರ ಕೊಡದೆ ಇಷ್ಟು ದಿನ ಕೂತಿದ್ದೆ. ಫೋನಿನಲ್ಲಿ ಆ ನೀಲಿ ಗುರುತು ನೋಡಿಕೊಂಡು ನೀನು ಏನೇನು ಅಂದುಕೊಂಡೆಯೋ. ತಪ್ಪಾಯಿತು ಕಣೇ. ‘ಅಮ್ಮಾ, ದಸರಾಕ್ಕೆ ಅಕ್ಷಯಾನ ಕಳಿಸ್ತೀನಿ. ನಾನು ಬರಲ್ಲ. ಇನ್ನು ನಾನು ಏನಂತ ಬರಲಿ?’ ಅಂತ ಬರೆದಿದ್ದೆ. ಓದಿದ ತಕ್ಷಣ ಫೋನ್ ಮಾಡಬೇಕು ಅನ್ನಿಸಿತು. ಆದರೆ ನಾನು ಸರ್ವೀಸು ಪೂರ್ತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಫೋನಿನಲ್ಲಿ ಜನ ಅಳುವನ್ನು ಎಷ್ಟು ಚೆನ್ನಾಗಿ ಮುಚ್ಚಿಡುತ್ತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ‘ಚೆನ್ನಾಗಿದೀನಿ ಅಮ್ಮ’ ಅನ್ನುತ್ತಿದ್ದೆ, ನಾನು ‘ಸರಿ ಮಗಳೇ’ ಅಂತ ಇಟ್ಟುಬಿಡುತ್ತಿದ್ದೆ. ಅದಕ್ಕೇ ಕಾಗದ, ನಾಳೆ ಮೈಸೂರಿಗೆ ಹೊರಟವರ ಕೈಯಲ್ಲಿ ಕಳಿಸುತ್ತೇನೆ. ನನ್ನ ಮಗಳು ಅಕ್ಷಯಾ ಅಂತೂ ಫೋನ್ ಎತ್ತುವುದನ್ನೇ ಬಿಟ್ಟಿದ್ದಾಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಕೋರ್ಟಿನ ಮೇಲಿನ ಸಿಟ್ಟನ್ನು ಹೆತ್ತವಳ ಮೇಲೆ ಯಾಕೆ ತೀರಿಸಿಕೊಳ್ಳಬೇಕಂತೆ? ನೀನು ದನದ ಡಾಕ್ಟರು, ನೀನೇ ಅವಳಿಗೆ ಬುದ್ಧಿ ಹೇಳು.

ಆ ದಿನ ಬೆಳಗ್ಗೆಯಿಂದಲೇ ನಾವಿಬ್ಬರೂ ಟಿವಿ ಮುಂದೆ ಕೂತಿದ್ದೆವು. ಹೋಳಿಗೆ ಮಾಡೋಣವೆಂದು ಕಡಲೆಬೇಳೆ ಬೇಯಿಸಿಟ್ಟಿದ್ದೆ. ಸುಪ್ರೀಂ ಕೋರ್ಟಿನ ತೀರ್ಪು ನಿಮ್ಮ ಪರವಾಗಿ ಬರುತ್ತದೆ, ದಸರಾ ಕಳೆದ ಮೇಲೆ ಒಳ್ಳೆಯ ದಿನ ನೋಡಿ ರಿಜಿಸ್ಟರ್ ಮದುವೆ ಮಾಡಿಸೋಣ ಅಂತ ನೀವಿಬ್ಬರೂ ನಂಬಿದ್ದಿರಿ, ನಿಮ್ಮನ್ನು ನೋಡಿ ನಾನೂ ನಂಬಿದ್ದೆ. ಜಡ್ಜುಗಳು ಒಬ್ಬರಾದ ಮೇಲೆ ಒಬ್ಬರು ಓದಿದರು. ಒಳ್ಳೊಳ್ಳೆ ಮಾತುಗಳನ್ನೇ ಆಡಿದರು. ಕೊನೆಗೆ, ಇಬ್ಬರು ಹೆಂಗಸರು ಮದುವೆಯಾಗುವ ಹಕ್ಕನ್ನು ನಾವು ಕೊಡಲಾಗದು, ಕಾನೂನು ಮಾಡುವುದಾದರೆ ಸಂಸತ್ತು ಮಾಡಲಿ ಅಂದರು. ನಮ್ಮನೆಯವರು ರಿಮೋಟ್ ಒತ್ತಿ ಟಿವಿ ಆರಿಸಿದರು. ನನಗೆ ಹೋಳಿಗೆ ತಟ್ಟುವ ಮನಸ್ಸಾಗಲಿಲ್ಲ, ಬೇಳೆಯನ್ನು ಸಾರಿಗೆ ಹಾಕಿಬಿಟ್ಟೆ.

ಈಗ ಒಂದು ಗುಟ್ಟು ಹೇಳುತ್ತೇನೆ. ನಮ್ಮಲ್ಲಿ ಮಗಳ ಮದುವೆಯಲ್ಲಿ ತವರಿನವರು ಪಟ್ಟದ ಗೊಂಬೆ ಕೊಡಬೇಕು. ಮರದ ರಾಜ ರಾಣಿ ಜೋಡಿ. ಆಮೇಲೆ ಪ್ರತಿ ನವರಾತ್ರಿಗೂ ಅವಳು ತನ್ನ ಮನೆಯಲ್ಲಿ ಅವನ್ನು ಗೊಂಬೆಗಳ ಮೇಲಿನ ಮೆಟ್ಟಿಲಲ್ಲಿ ಕೂರಿಸುತ್ತಾಳೆ. ನಿಮಗೂ ಕೊಡಬೇಕಲ್ಲ ಅಂತ ಹೋದ ತಿಂಗಳು ನಾವಿಬ್ಬರೂ ಗಾಂಧಿ ಬಜಾರಿಗೆ ಹೋದೆವು. ರಸ್ತೆಯನ್ನೆಲ್ಲ ಅಗೆದು ಹಾಕಿದ್ದಾರೆ, ನನ್ನ ಮಂಡಿ ಇಟ್ಟುಕೊಂಡು ಅಲ್ಲಿ ನಡೆಯುವುದೇ ಒಂದು ತಪಸ್ಸು. ಗೊಂಬೆ ಅಂಗಡಿಯವನ ಹತ್ತಿರ, ‘ನೋಡಪ್ಪಾ, ನಮಗೆ ಎರಡು ರಾಣಿ ಬೇಕು’ ಅಂದೆ. ಅವನು, ‘ಜೋಡಿ ಒಡ್ದು ಕೊಡಲ್ಲ ಅಮ್ಮಾ, ಕೊಟ್ರೆ ಒಂಟಿ ರಾಜನ್ನ ಇಟ್ಕೊಂಡು ನಾನೇನ್ ಮಾಡ್ಲಿ?’ ಅಂದ. ನಾನು ಜಗಳಕ್ಕೆ ಸೆರಗು ಸಿಕ್ಕಿಸುವಷ್ಟರಲ್ಲಿ ನಮ್ಮನೆಯವರು, ‘ಎರಡು ಜೋಡಿ ಕಟ್ಟಪ್ಪ’ ಅಂದುಬಿಟ್ಟರು. ಹಾಗಾಗಿ ಈಗ ರಾಣಿಯರಿಬ್ಬರು ನಿಮಗೆ. ಮಿಕ್ಕ ಇಬ್ಬರು ರಾಜರು ಟಿವಿ ಪಕ್ಕದಲ್ಲಿ ಕೆಲಸವಿಲ್ಲದೆ ಕೂತಿದ್ದಾರೆ. ‘ಪಾಪ, ನನ್ನ ಹಾಗೇ ರಿಟೈರ್ಡು’ ಅಂತ ಇವರು ದಿನಾ ಅವರ ಧೂಳು ಒರೆಸುತ್ತಾರೆ.

ರಾಣಿಯರನ್ನು ನಿಮ್ಮ ರಿಜಿಸ್ಟ್ರಿ ದಿನ ಕೊಡೋಣ ಅಂತ ಬೀರುವಿನಲ್ಲಿ ಇಟ್ಟಿದ್ದೆ. ಮಂಗಳವಾರ ತೀರ್ಪು ಕೇಳಿದ ಮೇಲೆ, ಇನ್ನು ಅವು ಅಲ್ಲೇ ಇರುತ್ತವೆ ಅಂದುಕೊಂಡು ಅಡುಗೆಮನೆಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದೆ. ಹೊರಗೆ ಏನೋ ಸದ್ದು. ಬಂದು ನೋಡಿದರೆ, ಹುಟ್ಟಿದಾಗಿನಿಂದ ಒಂದು ಗೊಂಬೆ ಕೂರಿಸದ ಮನುಷ್ಯ ಸ್ಟೂಲು ಹತ್ತಿ ಮೇಲಿನ ಮೆಟ್ಟಿಲಿಗೆ ಕೈ ಹಾಕಿದ್ದಾರೆ! ಪಾಡ್ಯದ ದಿನ ಪಟ್ಟಕ್ಕೆ ಕೂರಿಸಿದ ಮೇಲೆ ವಿಜಯದಶಮಿಯವರೆಗೆ ಕದಲಿಸುವ ಹಾಗಿಲ್ಲ, ಅದು ನಮ್ಮತ್ತೆಯ ಕಾಲದಿಂದಲೂ ಬಂದದ್ದು. ‘ರೀ, ಏನ್ ಮಾಡ್ತಿದೀರಿ, ಕದಲಿಸ್ಬಾರ್ದು!’ ಅಂತ ಕೂಗಿದೆ. ‘ಕದಲಿಸ್ತಿಲ್ಲ ಕಣೇ, ಜಾಗ ಮಾಡ್ತಿದೀನಿ’ ಅಂದರು. ನನ್ನ ಮದುವೆಯ ಗೊಂಬೆಗಳ ಪಕ್ಕದಲ್ಲೇ ನಿಮ್ಮ ರಾಣಿಯರನ್ನು ಕೂರಿಸಿ ಇಳಿದರು. ಈ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ಆವತ್ತು ನನಗೆ ಬಹಳ ಹೆಮ್ಮೆಯಾಯಿತು. ಅವರಿಗೆ ಹೇಳಬೇಡ, ತಲೆ ಮೇಲೆ ಕೂರುತ್ತಾರೆ.

ಒಬ್ಬ ರಾಣಿಗೆ ನನ್ನ ಹಳೇ ಹಸಿರು ರೇಷ್ಮೆ ಸೀರೆಯ ತುಂಡು ಉಡಿಸಿದೆ, ಇನ್ನೊಬ್ಬಳಿಗೆ ಅಕ್ಷಯಾಳ ಚಿಕ್ಕಂದಿನ ನೇರಳೆ ಲಂಗದ ತುಂಡು. ಬುಧವಾರದಿಂದ ಶುರುವಾಯಿತು ನೋಡು ತಮಾಷೆ. ಗೊಂಬೆ ನೋಡಲು ಬಂದ ಹಿಂದಿನ ರಸ್ತೆಯ ಹೆಂಗಸರು ಮೇಲಕ್ಕೆ ನೋಡುವುದು, ಒಬ್ಬರ ಮುಖ ಒಬ್ಬರು ನೋಡುವುದು. ಒಬ್ಬರು, ‘ಈ ಜೋಡೀಲಿ ರಾಜ ಎಲ್ರೀ? ಬಿದ್ದು ಮುರ್ದೋದ್ನಾ?’ ಅಂದರು. ‘ಇಲ್ಲ, ಇಬ್ರೂ ರಾಣೀರೇ’ ಅಂದೆ. ಇನ್ನೊಬ್ಬರು ತುಂಬಾ ಯೋಚನೆ ಮಾಡಿ, ‘ಸವತೀರಾ?’ ಅಂದರು! ನನಗೆ ನಗು ತಡೆಯಲಾಗದೆ ಉಸಲಿ ತಟ್ಟೆ ಅಲ್ಲೇ ಇಟ್ಟು ಒಳಗೆ ಓಡಿದೆ. ನಕ್ಕು ಮುಗಿಸಿ ಬಂದು, ‘ಅದು ನಮ್ಮ ಅಕ್ಷಯಾದು, ಅವಳ ಪ್ರಿಯಂವದಾದು’ ಅಂದೆ. ಒಬ್ಬರು ಅರ್ಧ ಉಸಲಿ ಬಿಟ್ಟು ಎದ್ದರು. ಇನ್ನೊಬ್ಬರು ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ‘ತೀರ್ಪು ಕೇಳಿ ಬೇಜಾರಾಯ್ತು ಸುಂದರಮ್ಮ, ಹುಡುಗೀರು ಹೇಗಿದಾರೆ?’ ಅಂತ ಮೆಲ್ಲಗೆ ಕೇಳಿದರು. ಯಾರು ಅಂತ ಹೇಳಿದರೆ ನೀನು ನಂಬುವುದಿಲ್ಲ. ಕೊಳಾಯಿ ನೀರಿನ ವಿಷಯಕ್ಕೆ ನನ್ನ ಜೊತೆ ಕಾರ್ಪೊರೇಷನ್‌ವರೆಗೆ ಜಗಳ ತೆಗೆದುಕೊಂಡು ಹೋಗಿದ್ದರಲ್ಲ, ಅವರೇ.

ಕೃಷ್ಣರಾವ್ ಪಾರ್ಕಿನಲ್ಲಿ ನಮ್ಮನೆಯವರ ವಾಕಿಂಗ್ ಗುಂಪಿನಲ್ಲೂ ಇದೇ ಮಾತಂತೆ. ಗಂಗಾಧರಯ್ಯನವರು ಪೇಪರ್ ಬಡಿದು, ‘ಸದ್ಯ, ಕೋರ್ಟು ನಮ್ಮ ಸಂಸ್ಕೃತಿ ಉಳಿಸ್ತು’ ಅಂತ ಭಾಷಣ ಮಾಡಿ, ‘ನೀವೇನಂತೀರಿ ನರಸಿಂಹಯ್ಯ?’ ಅಂದರಂತೆ. ಇವರು, ‘ನಮ್ಮನೇಲಿ ಗೊಂಬೆ ಕೂರ್ಸಿದೀವಿ, ಮನೆಯವ್ರನ್ನ ಕರ್ಕೊಂಡು ಬನ್ನಿ’ ಅಂದು ಎದ್ದು ಬಂದರಂತೆ. ಇನ್ನೂ ಬಂದಿಲ್ಲ. ಬಂದರೆ ಉಸಲಿ ಕೊಡುತ್ತೇನೆ, ಖಾರ ಸ್ವಲ್ಪ ಮುಂದಾಗಿ ಹಾಕಿ.

ನಿನ್ನೆ ಮಲ್ಲೇಶ್ವರದಿಂದ ನಮ್ಮ ಭಾವನವರು ಶೀನಣ್ಣ ಬಂದಿದ್ದರು. ಕಾಫಿ ಕುಡಿದು ಜೇಬಿನಿಂದ ಒಂದು ಜಾತಕ ತೆಗೆದು ಮೇಜಿನ ಮೇಲಿಟ್ಟರು. ‘ಕೋರ್ಟೇ ಆಗಲ್ಲ ಅಂದ್ಮೇಲೆ ಇನ್ನೇನಿದೆ ಹೇಳು. ಅಕ್ಷಯಾಗೂ ಈಗ ಬುದ್ಧಿ ಬಂದಿರತ್ತೆ. ಹುಡುಗ ಬ್ಯಾಂಕಲ್ಲಿದಾನೆ, ಒಂದ್ಸಲ ಡೈವೋರ್ಸ್ ಆಗಿದೆ ಅಷ್ಟೆ’ ಅಂದರು. ಸಂದಿಯಲ್ಲಿ ಸಮಾರಾಧನೆ ಅಂದರೆ ಇದೇ. ‘ಭಾವ, ಬಾಗಿಲು ಮುಚ್ಚಿದ್ದು ಕೋರ್ಟಿಂದು, ನಮ್ಮನೇದಲ್ಲ’ ಅಂದೆ. ಅವರಿಗೆ ಕೋಪ ಬರಲಿಲ್ಲ, ಬೇಸರವಾಯಿತು. ಒಳ್ಳೆಯವರೇ, ನಿನಗೂ ಗೊತ್ತು. ಅಕ್ಷಯಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಡಲೆಕಾಯಿ ಪರಿಷೆ ಸುತ್ತಿಸಿದವರು. ‘ನಾಳೆ ನಿಮ್ಮ ಕಾಲ ಆದ್ಮೇಲೆ ಅವಳಿಗೆ ಯಾರಮ್ಮ ದಿಕ್ಕು?’ ಅಂತ ಕಣ್ಣಲ್ಲಿ ನೀರು ತಂದುಕೊಂಡರು. ‘ಪ್ರಿಯಂವದಾ ಇದಾಳೆ’ ಅಂದೆ. ಆ ಮಾತು ಅವರ ತಲೆಗೆ ಹೋಗಲಿಲ್ಲ. ಜಾತಕವನ್ನು ಅವರ ಜೇಬಿಗೇ ವಾಪಸ್ ಹಾಕಿ ಕಳಿಸಿದೆ.

ನೀನು ಏನಂತ ಬರಬೇಕು ಅಂತ ಮೂರು ದಿನ ನಾನೂ ಯೋಚಿಸಿದೆ. ಅಳಿಯನೋ, ಸೊಸೆಯೋ, ಇನ್ನೊಬ್ಬ ಮಗಳೋ, ಯಾವುದೂ ಸರಿಹೊಂದುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ಗೊತ್ತಿಲ್ಲ ಕಣೇ. ಆದರೆ ಹೋದ ವರ್ಷ ನನಗೆ ಮಂಡಿ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತು, ನರ್ಸ್ ಜೊತೆ ಜಗಳವಾಡಿ ಎರಡನೇ ದಿಂಬು ತಂದುಕೊಟ್ಟವಳು ನೀನು. ಆಗ ಏನಂತ ಬಂದಿದ್ದೆ? ಹಾಗೇ ಬಾ.

ನಿನಗೆ ಹೇಳದೆ ಇನ್ನೊಂದು ಕೆಲಸವನ್ನೂ ಮಾಡಿಬಿಟ್ಟಿದ್ದೇನೆ. ಇವತ್ತು ಬೆಳಗ್ಗೆ ಕುಂಕುಮದ ಬಟ್ಟಲು ಹಿಡಿದು ಆಟೋ ಮಾಡಿಕೊಂಡು ಹನುಮಂತನಗರಕ್ಕೆ, ನಿಮ್ಮಮ್ಮನ ಮನೆಗೆ ಹೋಗಿದ್ದೆ. ಅವರು ನಿನ್ನ ಜೊತೆ ಮಾತು ಬಿಟ್ಟಿದ್ದಾರೆ, ನಿನ್ನ ಹೆಸರು ಎತ್ತಿದರೆ ಎದ್ದು ಹೋಗುತ್ತಾರೆ ಅಂತೆಲ್ಲ ನೀನು ಹೇಳಿದ್ದು ನೆನಪಿತ್ತು. ಆದರೂ ಹೋದೆ. ಗೇಟಿನ ಹತ್ತಿರವೇ ನಿಂತು, ‘ಗೊಂಬೆ ಕೂರ್ಸಿದೀವಿ, ಸಂಜೆ ಅರಿಶಿನ ಕುಂಕುಮಕ್ಕೆ ಬರ್ಬೇಕು’ ಅಂದೆ. ಅವರು, ‘ನಮ್ಮೆಜಮಾನ್ರು ಹೋದ್ಮೇಲೆ ನನ್ನನ್ನ ಯಾರೂ ಕರೆಯಲ್ಲ. ನಿಮಗೆ ಗೊತ್ತಿಲ್ವಾ?’ ಅಂದರು. ‘ಬೀಗಿತ್ತೀನ ಕರೀದೆ ಇನ್ಯಾರನ್ನ ಕರೀಲಿ?’ ಅಂದುಬಿಟ್ಟೆ. ಆ ಮಾತು ಕೇಳಿ ಅವರ ಮುಖ ಬಿಗಿಯಾಯಿತು. ಗೇಟು ಹಾಕಿಕೊಂಡು ಒಳಗೆ ಹೋದರು. ದಡಾರನೆ ಹಾಕಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ. ಬಹಳ ಮೆಲ್ಲಗೆ ಹಾಕಿದರು. ನನ್ನ ಈ ಬಾಯಿಂದಾಗಿ ನಿನ್ನ ಕೆಲಸ ಇನ್ನಷ್ಟು ಕೆಟ್ಟಿತೇನೋ ಅಂತ ಆಟೋದಲ್ಲಿ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಇರಲಿ. ಮಂಗಳವಾರ ವಿಜಯದಶಮಿ. ಊರಿನ ಜನವೆಲ್ಲ ಜಂಬೂಸವಾರಿ ನೋಡಲು ನಿಮ್ಮ ಮೈಸೂರಿಗೆ ಬರುತ್ತಾರೆ, ನೀವಿಬ್ಬರೂ ಇತ್ತ ಬನ್ನಿ, ರೈಲಿನಲ್ಲಿ ಆರಾಮವಾಗಿ ಸೀಟು ಸಿಗುತ್ತದೆ. ಅಂದು ಪೂಜೆ ಮುಗಿಸಿ ಗೊಂಬೆಗಳನ್ನು ಮಲಗಿಸಬೇಕು. ಪಟ್ಟದ ಗೊಂಬೆಯನ್ನು ಅದರ ಒಡತಿಯೇ ಮಲಗಿಸುವುದು ನಮ್ಮನೆಯ ಪದ್ಧತಿ. ಅಕ್ಷಯಾ ಒಬ್ಬಳೇ ಬಂದರೆ ಒಂದು ರಾಣಿ ಕೂತೇ ಇರಬೇಕಾಗುತ್ತದೆ. ಪೂರಿಯ ಹಾಗೆ ಮುಖ ಊದಿಸಿಕೊಂಡಿರುವ ಆ ನನ್ನ ಮಗಳಿಗೆ ಈ ಕಾಗದ ಓದಿ ಹೇಳು. ಈ ಸಲ ಹೋಳಿಗೆ ಖಂಡಿತ ತಟ್ಟುತ್ತೇನೆ.

ನಿಮ್ಮ ಜೋಡಿಗೆ ಯಾರ ಕಣ್ಣೂ ತಾಗದಿರಲಿ. ಆಡಿದ ಜಗಳ ಅಂದಂದೇ ಮುಗಿಯಲಿ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಗಂಜಿ ಕಾಯಿಸುವ ಹಾಗೆ ನೂರು ಕಾಲ ಬಾಳಿ.

ಇಂತಿ ನಿನ್ನ ಅಮ್ಮ,
ಸುಂದರಮ್ಮ

ತಾ.ಕ.: ಕಾಗದ ಮಡಿಸಿಟ್ಟು ದೀಪ ಹಚ್ಚಲು ಎದ್ದಿದ್ದೆ, ಬಾಗಿಲಲ್ಲಿ ನಿಮ್ಮಮ್ಮ. ಒಬ್ಬರೇ ಬಂದಿದ್ದರು. ಗೊಂಬೆ ಮುಂದೆ ಚಾಪೆ ಹಾಕಿದೆ, ಕೂತರು. ಮೇಲಿನ ಮೆಟ್ಟಿಲನ್ನೇ ತುಂಬಾ ಹೊತ್ತು ನೋಡಿ, ‘ಇದ್ರಲ್ಲಿ ನಮ್ಮವಳು ಯಾವ್ದು?’ ಅಂದರು. ನಾನು ಅದನ್ನು ಯೋಚನೆಯೇ ಮಾಡಿರಲಿಲ್ಲ. ಅವರೇ, ‘ಹಸಿರು ಸೀರೆ ಇರ್ಬೇಕು, ಅವಳಿಗೆ ಹಸಿರಂದ್ರೆ ಪ್ರಾಣ’ ಅಂದರು. ಕುಂಕುಮ ಇಟ್ಟೆ, ಬೇಡ ಅನ್ನಲಿಲ್ಲ. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ಆಮೇಲೆ ನನ್ನ ಮುಖ ನೋಡದೆ ಕೇಳಿದರು: ‘ಅವಳು ನಿಮ್ಮನ್ನ ಏನಂತ ಕರೀತಾಳೆ?’

ಪ್ರಿಯಂವದಾ, ನಾನು ಸುಳ್ಳು ಹೇಳಿದೆ. ‘ಆಂಟಿ ಅಂತಾಳೆ’ ಅಂದೆ. ಅವರು ‘ಹೌದಾ’ ಅಂದು ಉಸಿರು ಬಿಟ್ಟು, ಆರಿದ ಕಾಫಿಯನ್ನು ಎತ್ತಿಕೊಂಡು ಪೂರ್ತಿ ಕುಡಿದರು. ಮಂಗಳವಾರ ಮತ್ತೆ ಬರುತ್ತಾರಂತೆ. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಅವತ್ತು ನನ್ನನ್ನು ಆಂಟಿ ಅಂತಲೇ ಕರೆ, ಮರೆಯಬೇಡ. ನೀನು ಬಂದು ಬಾಗಿಲಲ್ಲಿ ನಿಂತು ‘ಅಮ್ಮಾ’ ಅಂದಾಗ ಓಗೊಡದೆ ಒಳಗೆ ಕೂತಿರುವುದು ನನಗೆ ಬಹಳ ಕಷ್ಟ. ಆದರೂ ಕೂತಿರುತ್ತೇನೆ. ನಿಮ್ಮಮ್ಮನೇ ಎದ್ದು ಬರಲಿ.