‘ರಾತ್ರಿ’ ಎಂಬ ಪದದ ಜಾಗ

11 ಫೆಬ್ರುವರಿ 2025, ಮಂಗಳವಾರ

ಕಾಮಾಕ್ಷಿಪಾಳ್ಯದ ಕ್ಲಿನಿಕ್ಕಿಗೆ ನಾನು ವಿನ್ಯಾಸ ಮಾಡಿದ, ಯಾವ ಮಾತ್ರೆ ಯಾವಾಗ ಎಂದು ರೋಗಿಗಳಿಗೆ ತಿಳಿಸುವ ಮಾತ್ರೆ ಚೀಟಿ ನಾಳೆ ಅಚ್ಚಿಗೆ ಹೋಗಬೇಕು. ಡಾಕ್ಟರು ಒಪ್ಪಿದ್ದರು, ನಾನೂ ಬೀಗುತ್ತಿದ್ದೆ. ಅಲ್ಲಿನ ಆಯಾ ಚಿಕ್ಕಗಂಗಮ್ಮ ಇವತ್ತು ಅದನ್ನು ಎತ್ತಿಕೊಂಡು ಓದಿದರು.

“ಮೇಡಂ, ಶುಗರ್ ಮಾತ್ರೆ ರಾತ್ರಿಗಾ?”

“ಅಲ್ಲಮ್ಮ, ಬೆಳಿಗ್ಗೆ. ಮೇಲೆ ಬರೆದಿದೀನಲ್ಲ.”

“ಅದರ ಕೆಳಗೇ ಒತ್ತಿಕೊಂಡು ರಾತ್ರಿ ಅಂತೈತಲ್ಲ.”

ಇವರಿಗೆ ಓದಲು ಸರಿಯಾಗಿ ಬರುವುದಿಲ್ಲ ಎಂದುಕೊಂಡೆ. ಆಮೇಲೆ ನೋಡಿದರೆ ತಪ್ಪು ನನ್ನದೇ. ‘ರಾತ್ರಿ’ ಎಂಬ ಶೀರ್ಷಿಕೆ ತನ್ನ ಕೆಳಗಿನ ಮಾತ್ರೆಯನ್ನು ಬಿಟ್ಟು, ಮೇಲಿನ ಶುಗರ್ ಮಾತ್ರೆಗೆ ಅಂಟಿಕೊಂಡಿತ್ತು. ಹತ್ತಿರ ಇರುವುದನ್ನೆಲ್ಲ ಕಣ್ಣು ಒಂದೇ ಗುಂಪೆಂದು ತಿಳಿಯುತ್ತದೆ. ಕಾಲೇಜಿನಲ್ಲಿ ನಾನೇ ಮಾಡುವ ಪಾಠ ಇದು! ಯಾರಾದರೂ ಉಣ್ಣದೆ ಅದನ್ನು ನುಂಗಿ ಮಲಗಿದ್ದರೆ? ನಿದ್ದೆಯಲ್ಲೇ ಶುಗರ್ ತೀರಾ ಇಳಿದು ಪ್ರಾಣಕ್ಕೇ ಅಪಾಯ.

ಅಲ್ಲೇ ಕೂತು ‘ರಾತ್ರಿ’ಯನ್ನು ಕೆಳಗಿಳಿಸಿ, ಅದರ ಮೇಲೆ ಧಾರಾಳವಾಗಿ ಜಾಗ ಬಿಟ್ಟೆ. ಮತ್ತೆ ಓದಿಸಿದೆ.

“ಈಗ ಸರಿ ಹೋಯ್ತು. ಶುಗರ್‌ದು ಬೆಳಿಗ್ಗೆ.”

ಅವರ ಕೈ ಹಿಡಿದುಕೊಂಡು ಥ್ಯಾಂಕ್ಸ್ ಅಂದೆ. ಯಾಕೆಂದೇ ಅವರಿಗೆ ತಿಳಿಯಲಿಲ್ಲ, ನಕ್ಕರು.

“ಅಚ್ಚಾದ್ಮೇಲೆ ನಂಗೂ ಒಂದು ಕೊಡಿ ಮೇಡಂ. ನಮ್ಮನೆಯವ್ರಿಗೂ ಶುಗರ್ ಐತೆ. ನಾನಿಲ್ದಾಗ ಅವ್ರೇ ಓದ್ಕೊಂಡು ನುಂಗ್ತಾರೆ.”

ಮೊದಲ ಚೀಟಿ ಅವರ ಮನೆಗೇ.