ನೀನು ಬಿಟ್ಟು ಬರುತ್ತಿದ್ದ ಬಟ್ಟಲು

ಅವ್ವಾ,

ನನ್ನ ಕೈಬರಹ ನಿನಗೇ ಓದಲು ಆಗುತ್ತಿರಲಿಲ್ಲ. ಅದಕ್ಕೇ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ, ಮಂಗಳಕ್ಕ ಆಮೇಲೆ ಕೇಳಿಸಿಕೊಂಡು ಬರೆಯುತ್ತಾಳೆ. ಕೂತು ಹೇಳೋಣ ಅಂದರೆ ಕಾಲು ನಿಲ್ಲುತ್ತಿಲ್ಲ. ನಂಜನಗೂಡಿನ ಅವಳ ಮನೆಯ ತಾರಸಿ ಮೇಲೆ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಲೇ ಇದ್ದೇನೆ. "ಕಾಲ್ಗೆ ಚಕ್ರ ಕಟ್ಕಂಡೇ ಉಟ್ಟವ್ನೆ ನನ್ ಮಗ" ಅಂತ ಬೀದಿಯವರ ಮುಂದೆಲ್ಲ ಅನ್ನುತ್ತಿದ್ದೆಯಲ್ಲ, ಆ ಚಕ್ರ ಇನ್ನೂ ಬಿಚ್ಚಿಲ್ಲ.

ನಿನ್ನ ತಿಥಿ ಮುಗಿದ ಸಂಜೆಯೇ ಗುಂಡ್ಲುಪೇಟೆ ಬಸ್ಸು ಹತ್ತಿದವನು ನಾನು. ಗಡಿಯಾಚೆ ಕೇರಳದಲ್ಲಿ, ಬೆಟ್ಟದ ಮೇಲಿನ ಒಂದು ಪೇಟೆಯ ಬೇಕರಿಯಲ್ಲಿ ಕೆಲಸ ಸಿಕ್ಕಿತು. ಹೋದ ಮಳೆಗಾಲದಲ್ಲಿ ಅಲ್ಲಿ ಬೆಟ್ಟದ ಒಂದು ಮಗ್ಗುಲೇ ಜಾರಿ, ತೋಟದ ಕೂಲಿಯವರ ಲೈನ್ ಮನೆಗಳ ಮೇಲೆ ಬಿತ್ತು. ಹೋದವರಲ್ಲಿ ನಮ್ಮ ಕಡೆಯವರೂ ಇದ್ದರು. ಶುಂಠಿ ಕೆಲಸಕ್ಕೆ, ಕಾಫಿ ಕೆಲಸಕ್ಕೆ ಅಂತ ನಮ್ಮ ಹುಲ್ಲಹಳ್ಳಿಯಿಂದ, ನರಸೀಪುರದ ಕಡೆಯಿಂದ ಬಂದಿದ್ದವರು. ಅವರ ಮನೆಯವರನ್ನು ಒಂದು ಶಾಲೆಯಲ್ಲಿ ಕೂರಿಸಿದ್ದರು. ಬ್ರೆಡ್ಡು ಹಂಚಲು ಹೋದವನು ಅಲ್ಲೇ ಉಳಿದುಬಿಟ್ಟೆ. ಅವರು ಅಳುತ್ತಾ ಹೇಳುತ್ತಿದ್ದ ಮಾತು ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ನನಗೆ ಮಾತ್ರ…

ಆ ಶಾಲೆಯಲ್ಲೇ ಲೀಲಾ ಮೇಡಮ್ ಸಿಕ್ಕಿದ್ದು. ಮಲಯಾಳಿ. ಹೀಗೆ ಕಳೆದುಕೊಂಡವರ ಜೊತೆ ಕೂತು, ಅವರ ಮಾತು ಕೇಳುವುದೇ ಅವರ ಕೆಲಸ. ಅದಕ್ಕೂ ಒಂದು ಓದು ಇದೆ ಅವ್ವಾ, ನಗಬೇಡ. ನಮ್ಮವರು ಊರಿಗೆ ವಾಪಸಾದ ಮೇಲೂ ಮೇಡಮ್ ಬಿಡಲಿಲ್ಲ. ವಾರಕ್ಕೊಮ್ಮೆ ಗಡಿ ದಾಟಿ ಅವರವರ ಮನೆಗೇ ಬರತೊಡಗಿದರು. ಅವರ ಮಾತನ್ನು ಕನ್ನಡಕ್ಕೆ ತಿರುಗಿಸಲು ನಾನು. ಸಮಾಧಾನ ಮಾಡಲು ಹೋಗಬೇಡ, ಅಳುವವರ ಬಾಯಿ ಮುಚ್ಚಿಸಬೇಡ ಅಂತ ದಾರಿಯುದ್ದಕ್ಕೂ ಪಾಠ. ಇನ್ನೊಂದು ಪಾಠವನ್ನಂತೂ ಒತ್ತಿ ಒತ್ತಿ ಹೇಳುತ್ತಿದ್ದರು: ಹೊರಡುವಾಗ ಮತ್ತೆ ಯಾವತ್ತು ಬರುತ್ತೇವೆ ಅಂತ ಹೇಳಿಯೇ ಹೊರಡಬೇಕು. ಆ ದಿನದವರೆಗೆ ಹಿಡಿದುಕೊಳ್ಳಲು ಅವರಿಗೊಂದು ಮಾತಾದರೂ ಇರಲಿ ಅಂತ.

ನರಸೀಪುರದ ಹತ್ತಿರದ ಹಳ್ಳಿಯಲ್ಲಿ ಮಹದೇವಣ್ಣನ ಮನೆಗೆ ಹೋದ ಮೊದಲ ದಿನ ನಾನು ಮಾಡಿದ ಎಡವಟ್ಟು ಕೇಳು. ಅವನು ಹೆಂಡತಿಯನ್ನು ಕಳೆದುಕೊಂಡವನು. ಗಬ್ಬದ ಹಸು ಮೇವು ಬಿಟ್ಟಿದೆ ಅಂತ ಅಣ್ಣ ಫೋನ್ ಮಾಡಿದ್ದಕ್ಕೆ ಇವನೊಬ್ಬನೇ ಊರಿಗೆ ಬಂದಿದ್ದ. ಹೆಂಡತಿ ಅಲ್ಲೇ ಲೈನ್ ಮನೆಯಲ್ಲಿದ್ದಳು. ಮಾರನೆಯ ದಿನ ಬೆಟ್ಟ ಜಾರಿತು. ಅಂದಿನಿಂದ ಅವನು ಯಾರ ಜೊತೆಗೂ ಮಾತಾಡಿಲ್ಲ, ಕೊಟ್ಟಿಗೆಯ ಕಡೆಗೆ ತಲೆ ಹಾಕಿಲ್ಲ. ತಟ್ಟೆ ಮುಂದಿಟ್ಟರೆ ಎರಡು ತುತ್ತು, ಅಷ್ಟೇ. ಇನ್ನೊಂದು ಜೀವವೂ ಹೋದೀತೇ ಅಂತ ಮನೆಯವರಿಗೆ ಭಯ. ನಾವು ಒಂದು ಗಂಟೆ ಸುಮ್ಮನೆ ಕೂತೆವು. ಎದ್ದು ಹೊರಡುವಾಗ ಪಾಠ ಒಪ್ಪಿಸಿದೆ: "ಮಂಗಳ್ವಾರ ಮತ್ತೆ ಬತ್ತೀವಿ ಕಣಣ್ಣ."

ಅವನ ಅಣ್ಣನ ಹೆಂಡತಿ ಸಾಕಮ್ಮ ಒಳಗಿಂದ ಎದ್ದುಬಂದ ರೀತಿ! "ಏನ್ಲಾ ಅಂದೆ? ಸಾವಿನ್ ಮನೆ ಬಾಗ್ಲಲ್ ನಿಂತ್ಕಂಡು ಮತ್ತೆ ಬತ್ತೀನಿ ಅಂತೀಯಾ? ಇನ್ಯಾರ್ ಸಾಯ್ಬೇಕ್ಲಾ ನಿಂಗೆ? ಯಾವೂರ್ಲಾ ನಿಂದು?"

"ಉಲ್ಲಳ್ಳಿ ಕಣಕ್ಕ…"

"ಉಲ್ಲಳ್ಳಿಯವ್ನಾಗಿ ಇಷ್ಟೂ ಗೊತ್ತಿಲ್ವಾ! ನಿಮ್ಮವ್ವ ಏನೂ ಕಲ್ಸ್ನಿಲ್ವಾ?"

ಬಾಗಿಲು ಹಾಕಿಕೊಂಡರು. ಬಸ್ಸಿನಲ್ಲಿ ಮೇಡಮ್‌ಗೆ ಬಿಡಿಸಿ ಹೇಳಿದೆ. ನಮ್ಮಲ್ಲಿ ಯಾರ ಮನೆಯಿಂದ ಹೊರಟರೂ ಹೋಗಿ ಬರ್ತೀನಿ ಅನ್ನಬೇಕು. ಸಾವಾದ ಮನೆಯಿಂದ ಮಾತ್ರ ಸುಮ್ಮನೆ ಎದ್ದು ಬರಬೇಕು. ಬರ್ತೀನಿ ಅಂದರೆ ಇನ್ನೊಂದು ಸಾವನ್ನು ಕರೆದ ಹಾಗೆ. ಮೇಡಮ್ ಕೇಳಿದರು, "ಹಾಗಾದರೆ ನಾವು ಮತ್ತೆ ಬರುತ್ತೇವೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

ಅದಕ್ಕೆ ಉತ್ತರ ಸಿಕ್ಕಿದ್ದು ಮಾರನೆಯ ದಿನ, ಇದೇ ಮಂಗಳಕ್ಕನ ಮನೆಯ ಅಟ್ಟದ ಮೇಲೆ. ನಿನ್ನ ಟಿಫನ್ ಕ್ಯಾರಿಯರ್, ಮೂರು ಬಟ್ಟಲಿನದು, ಬಟ್ಟಲು ಬಟ್ಟಲಿಗೂ ನಾಗಮ್ಮ ಅಂತ ಹೆಸರು ಕೊರೆಸಿದ್ದು. ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅದರಲ್ಲಿ ಮುದ್ದೆ, ಉಪ್ಪುಸಾರು ಹೊತ್ತುಕೊಂಡು ಹೋಗುತ್ತಿದ್ದವಳು ನೀನು. ವಾಪಸು ಬಂದಾಗ ಯಾವತ್ತೂ ಎರಡೇ ಬಟ್ಟಲು. ನಾನು ರೇಗಿಸುತ್ತಿದ್ದೆ, "ಮತ್ತೆ ಮರ್ತ್ ಬಂದ್ಯಾ? ತಲೆ ಎಲ್ಲಿ ಮಡ್ಗಿದ್ದೆ?" "ಅಯ್ಯ, ಬುಡ್ಲಾ, ನಾಳಿದ್ದು ಓಗಿ ಈಸ್ಕಂಬತ್ತೀನಿ" ಅನ್ನುತ್ತಿದ್ದೆ. ಹೋಗುತ್ತಿದ್ದೆ, ಈಸಿಕೊಂಡು ಬರುತ್ತಿದ್ದೆ, ಇನ್ನೊಂದನ್ನು ಬಿಟ್ಟು ಬರುತ್ತಿದ್ದೆ. ಸ್ಕೂಲಿನಲ್ಲಿ ಅಷ್ಟು ಮಕ್ಕಳಿಗೆ ಬಿಸಿಯೂಟ ಮಾಡುತ್ತಾ ಒಂದು ದಿನವೂ ಉಪ್ಪು ಮರೆಯದವಳು. ಮದುವೆ ಮನೆಗೆ ಕೊಟ್ಟ ಸೌಟನ್ನು ಸಹ ಲೆಕ್ಕವಾಗಿ ತರುತ್ತಿದ್ದವಳು. ಸಾವಿನ ಮನೆಯಲ್ಲಿ ಮಾತ್ರ ಮರೆವೇ? ಅಟ್ಟದ ಮೇಲೆ ಕೂತು ಒಬ್ಬನೇ ನಕ್ಕೆನವ್ವಾ. ಎಂಥಾ ಕಿಲಾಡಿ ನೀನು! ಒಂದು ಮಾತೂ ಆಡದೆ…

ಮುಂದಿನ ಮಂಗಳವಾರ ಮುದ್ದೆ ನಾನೇ ತಿರುವಿದೆ. ಸ್ವಲ್ಪ ಗಂಟಾಗಿತ್ತು, ಇರಲಿ. ಮಹದೇವಣ್ಣನ ಜಗಲಿಯ ಮೇಲೆ ಕ್ಯಾರಿಯರ್ ಇಟ್ಟೆ. ಸಾಕಮ್ಮ ನೋಡಿದಳು, ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ. ಹೊರಡುವಾಗ ನಾನು ಏನೂ ಅನ್ನಲಿಲ್ಲ. ಎರಡೇ ಬಟ್ಟಲು ಹಿಡಿದು ಬಂದೆ. ಮರುವಾರ ಹೋದರೆ ಬಿಟ್ಟ ಬಟ್ಟಲು ತೊಳೆದು ಜಗಲಿಯ ಮೇಲೆ ಕವುಚಿಟ್ಟಿತ್ತು, ಪಕ್ಕದಲ್ಲಿ ಮಹದೇವಣ್ಣ ಕೂತಿದ್ದ. "ನಿನ್ ಬಟ್ಲು" ಅಂದ. ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

ನಾಲ್ಕನೇ ವಾರವೋ ಐದನೆಯದೋ, ಇದ್ದಕ್ಕಿದ್ದ ಹಾಗೆ ಅಂದ, "ಆ ಅಸ ಒಂದ್ ಇಲ್ದೆ ಓಗಿದ್ರೆ ನಾನೂ ಅಲ್ಲೇ ಇರ್ತಿದ್ದೆ. ಇದ್ದಿದ್ರೆ ಎಳ್ಕಂಡಾದ್ರೂ ಬತ್ತಿದ್ದೆ ಅವ್ಳ." ಹಾಗನ್ನಬೇಡ ಅಣ್ಣ ಅಂತ ನಾಲಿಗೆ ತುದಿಗೆ ಬಂತು. ಮೇಡಮ್ ನನ್ನ ಕಡೆ ನೋಡಿದರು. ನುಂಗಿಕೊಂಡೆ. "ಅತ್ಗೆ ಎಸ್ರೇನಣ್ಣ?" ಅಂತಷ್ಟೇ ಕೇಳಿದೆ. ಪುಟ್ಟಲಕ್ಷ್ಮಿ ಅಂದ. ಅಂದು, ಟವಲ್ಲಿಗೆ ಮುಖ ಒತ್ತಿಕೊಂಡು ಅತ್ತ. ಬಾಗಿಲಲ್ಲಿ ಸಾಕಮ್ಮನೂ ಅತ್ತಳು. ನಾವು ಅಲ್ಲಾಡದೆ ಕೂತಿದ್ದೆವು. ಒಂದೇ ಕಡೆ ಅಷ್ಟು ಹೊತ್ತು ನನ್ನ ಕಾಲು ನಿಂತಿತು ಅಂದರೆ ನಂಬುತ್ತೀಯಾ?

ನಿನ್ನ ಬಟ್ಟಲಿನ ಗುಟ್ಟನ್ನು ಮೇಡಮ್ ಅವತ್ತು ಪುಸ್ತಕದಲ್ಲಿ ಬರೆದುಕೊಂಡರು. "ನಿಮ್ಮಮ್ಮ ಎಲ್ಲಿ ಕಲಿತದ್ದು ಇದು? ಏನು ಓದಿದ್ದಾರೆ?" ಅಂದರು. ಎದೆ ಉಬ್ಬಿಸಿಕೊಂಡು ಹೇಳಿದೆ: "ನಾಲ್ಕನೇ ಕ್ಲಾಸು ಮೇಡಮ್, ಅದೂ ಅರ್ಧಕ್ಕೆ." ಈಗ ಉಳಿದ ಮನೆಗಳಿಗೆ ಹೋಗುವ ಮೇಡಮ್ ಜೊತೆಯವರೂ ಒಂದೊಂದು ಬಟ್ಟಲು ಬಿಟ್ಟು ಬರುತ್ತಾರೆ, ಗೊತ್ತಾ?

ಹೋದ ಮಂಗಳವಾರದ್ದೇ ನಿನಗೆ ಹೇಳಬೇಕಾದ ಸುದ್ದಿ. ಹಸು ಕರು ಹಾಕಿದೆ, ಹೆಣ್ಣು ಕರು. ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ನಿಂತು ಈಯಿಸಿದವನು ಮಹದೇವಣ್ಣನೇ ಅಂತೆ. ಸಾವಿನ ಮನೆಯಿಂದ ಬರಿದಾಗಿಯೇ ಬರುತ್ತಿದ್ದ ಬಟ್ಟಲನ್ನು ಅವತ್ತು ನನ್ನ ಕೈಗಿಟ್ಟ. ಬಿಸಿಯಾಗಿತ್ತು. ತುಂಬಾ ಗಿಣ್ಣು, ಬೆಲ್ಲ ಏಲಕ್ಕಿ ಹಾಕಿದ್ದು.

"ಇಷ್ಟ್ ದಿನ ಈ ಬಟ್ಲಲ್ ಉಂಡಿವ್ನಿ. ಯಾರ್ಲಾ ಈ ನಾಗಮ್ಮ?"

"ನಮ್ಮವ್ವ."

"ಅವ್ರ್ಗೂ ಒಂಚೂರ್ ಕೊಡು."

"ಅವ್ವ ಇಲ್ಲ ಕಣಣ್ಣ. ಎರಡು ವರ್ಸ ಆಯ್ತು."

ಅವನು ಜರುಗಿ ಜಗಲಿಯ ಮೇಲೆ ಜಾಗ ಮಾಡಿಕೊಟ್ಟ. "ಕುಂತ್ಕ. ಎಂಗಿದ್ರು, ಯೋಳು" ಅಂದ. ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ ಅವ್ವಾ. ನಾನೂ ಯಾರಿಗೂ ನಿಂತು ಹೇಳಿರಲಿಲ್ಲ. ಅವತ್ತು ಹೇಳಿದೆ…

ಎದ್ದಾಗ, ರೂಢಿಯ ಹಾಗೆ, ತಲೆ ಬಗ್ಗಿಸಿಕೊಂಡು ಸುಮ್ಮನೆ ಅಂಗಳಕ್ಕೆ ಇಳಿದೆ. ಹಿಂದಿನಿಂದ ಸಾಕಮ್ಮನ ಗಂಟಲು: "ಏನ್ಲಾ, ಕಳ್ನಂಗೆ ಓಯ್ತಿದ್ದೀಯಾ? ಓಗ್ಬತ್ತೀನಿ ಅಂತ ಯೋಳೋಗು!"

ಹೇಳಿದೆ ಅವ್ವಾ. ಬೀದಿಗೆಲ್ಲ ಕೇಳುವ ಹಾಗೆ.

ನಾಡಿದ್ದು ಮೇಡಮ್ ಜೊತೆ ಹೊರಡುತ್ತೇನೆ, ಈ ಕೆಲಸವನ್ನೇ ಸರಿಯಾಗಿ ಕಲಿಯಲು. ಎರಡು ಬಟ್ಟಲು ಚೀಲದಲ್ಲಿವೆ. ಗಿಣ್ಣಿನ ಬಟ್ಟಲನ್ನು ತೊಳೆದು, ಅಕ್ಕನ ಮನೆಯಲ್ಲಿ ನಿನ್ನ ಫೋಟೊದ ಮುಂದೆ ಇಟ್ಟಿದ್ದೇನೆ. ಮರೆತದ್ದಲ್ಲ.